ಕಾಡು ಗಡ್ಡೆ

ಆಸ್ಪತ್ರೆಯ ವರದಿ ಕೊಡುವ ಯಂತ್ರ ಕಾಗದವನ್ನು ಅರ್ಧ ಹೊರಗೆ ಚಾಚಿ ನಿಂತುಬಿಟ್ಟಿತು. ಸುಯುನ್ ಕಾಯಲಿಲ್ಲ, ಹಿಡಿದು ಎಳೆದಳು. ಸಾಲಿನಲ್ಲಿ ಹಿಂದೆ ನಿಂತಿದ್ದವನು "ನಿಧಾನ ತಾಯಿ, ಹರಿದೀತು" ಎಂದ. ಹತ್ತು ದಿನ ನಿಧಾನವಾಗಿಯೇ ಇದ್ದವಳು ಅವಳು, ಇನ್ನು ಆಗುತ್ತಿರಲಿಲ್ಲ. ಗಂಡ ಲುವಾನನ ತಲೆಯಿಂದ ತೆಗೆದ ಗಡ್ಡೆಯ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿದಂದಿನಿಂದ ಅವಳ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಗಡ್ಡೆ ಕೆಟ್ಟದ್ದೆಂದು ಗೊತ್ತಿತ್ತು. ಎಷ್ಟು ಕೆಟ್ಟದ್ದು, ಗಂಡ ಇನ್ನೆಷ್ಟು ಕಾಲ ಇದ್ದಾನು ಎನ್ನುವುದನ್ನು ಈ ಕಾಗದ ಹೇಳುತ್ತದೆಂದು ಡಾಕ್ಟರು ಅಂದಿದ್ದರು. ಲುವಾನನಿಗೆ ಮಾತ್ರ ಅದು ಬರೀ ನೀರುಗಂಟು, ತೆಗೆದಾಯಿತು, ಇನ್ನೇನೂ ಇಲ್ಲ ಎಂದು ಹೇಳಿಟ್ಟಿದ್ದಳು. ಇಂಥದ್ದನ್ನು ರೋಗಿಯ ಮುಖಕ್ಕೇ ಹೇಳುವ ಮನೆಯವರು ಈ ಚಾಂಗ್‌ಚುನ್ ಊರಿನಲ್ಲಿ ಯಾರಿದ್ದಾರೆ ಹೇಳಿ!

ಕಾಗದದ ತುಂಬ ಅಂಕಿಗಳು, ಅರ್ಥವಾಗದ ಅಕ್ಷರಗಳು. ಅವಳ ಕಣ್ಣು ಹೆದರಿ ಹೆದರಿ ಕೆಳಗಿಳಿದು ದಪ್ಪಕ್ಷರದ ಎರಡು ಸಾಲುಗಳ ಮೇಲೆ ನಿಂತಿತು. ಒಂದು, 'ಕಾಡು ಬಗೆ'. ಇನ್ನೊಂದು, 'ಕಾಣೆಯಾದ ತುಂಡು ಇಲ್ಲ'.

ಸುಯುನ್‌ಗೆ ಹೋದ ಜೀವ ಬಂದಂತಾಯಿತು. ಫೂಸೊಂಗ್ ಪೇಟೆಯಲ್ಲಿ ಮೂವತ್ತು ವರ್ಷ ಔಷಧಿಯ ಜಿನ್ಸೆಂಗ್ ಬೇರು ಮಾರಿದವಳು ಅವಳು. ಆ ಪೇಟೆಯಲ್ಲಿ ಇರುವುದು ಒಂದೇ ಪ್ರಶ್ನೆ: ಕಾಡಿನದೋ, ತೋಟದ್ದೋ? ತೋಟದ್ದನ್ನು ಬುಟ್ಟಿಗಟ್ಟಲೆ ಸುರಿಯುತ್ತಾರೆ. ಕಾಡಿನದಾದರೆ ಪಾಚಿಯಲ್ಲಿ ಮಲಗಿಸಿ, ಎಳೆ ಬೇರುಗಳಲ್ಲಿ ಒಂದೂ ಕಡಿದಿಲ್ಲ ತಾನೇ ಎಂದು ಉಸಿರು ಬಿಗಿಹಿಡಿದು ನೋಡುತ್ತಾರೆ. 'ಕಾಡು' ಎಂಬ ಮಾತು ಕೇಳಿದರೆ ದೊಡ್ಡ ದೊಡ್ಡ ವ್ಯಾಪಾರಿಗಳೂ ದನಿ ತಗ್ಗಿಸುತ್ತಾರೆ. ಅಂಥವಳು ಆ ಮಾತನ್ನು ಬೇರೆ ಹೇಗೆ ತಾನೇ ಓದಿಯಾಳು, ಪಾಪ! ಲಿಫ್ಟಿನ ಮುಂದೆ ಜನ ಕಂಡು ಏಳು ಮಹಡಿಯನ್ನೂ ಹತ್ತಿಯೇ ಹೋದಳು.

"ಏ ಮುದುಕಾ, ಬಂತು ಕಣೋ!"

ಲುವಾನ್ ದಿಂಬಿಗೊರಗಿ ಕೂತಿದ್ದ. ಅರ್ಧ ತಲೆಗೆ ಪಟ್ಟಿ, ಎಡಗೈ ಇನ್ನೂ ಸರಿಯಾಗಿ ಏಳುತ್ತಿರಲಿಲ್ಲ. "ಏನಂತೆ?" ಎಂದ. ತಮಾಷೆಯ ದನಿಯೇ. ಆದರೆ ಬಲಗೈ ಹೊದಿಕೆಯನ್ನು ಮುದುಡಿ ಹಿಡಿದಿತ್ತು.

"ಕಾಡಂತೆ! ನಿನ್ನ ಗಂಟು ಕಾಡು ಬಗೆಯಂತೆ. ಒಂದು ತುಂಡೂ ಕಾಣೆಯಾಗಿಲ್ಲವಂತೆ!"

ಅವನು ಕಾಗದವನ್ನು ದೂರ ಹಿಡಿದು ಓದಿದ. ಮುಖವೆಲ್ಲ ಸಡಿಲಾಯಿತು. "ಮತ್ತೆ? ನಲವತ್ತು ವರ್ಷ ಬೆಟ್ಟ ಅಲೆದೋನ ತಲೇಲಿ ತೋಟದ ಮಾಲು ಬೆಳೆಯುತ್ತಾ? ಅಗೆಯೋವಾಗ ಕೆಂಪು ದಾರ ಕಟ್ಟಿದ್ರಂತಾ ಕೇಳು. ಇಲ್ಲಾಂದ್ರೆ ಓಡಿಹೋಗುತ್ತೆ!" ಬೆಟ್ಟದಲ್ಲಿ ಕಾಡುಬೇರು ಕಂಡವರು, ಅದು ಮಾಯವಾಗದಿರಲೆಂದು ಮೊದಲು ಕಾಂಡಕ್ಕೆ ದಾರ ಕಟ್ಟಿ ಆಮೇಲೆ ಗುದ್ದಲಿ ಮುಟ್ಟುತ್ತಾರೆ. ಸುಯುನ್ ನಕ್ಕಳು. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು.

ಪಕ್ಕದ ಮಂಚದ ಬಳಿ ಕೂತು ಪಿಯರ್ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದ ಚುನ್‌ಯಾನ್ ಇದ್ದಕ್ಕಿದ್ದಂತೆ ಚಾಕು ಇಟ್ಟು ಬಿಕ್ಕಿದಳು. ಅವಳ ಗಂಡ, ವೆಲ್ಡಿಂಗ್ ಕೆಲಸದ ಶಿಂಗ್‌ಬಾಂಗ್, ಗೋಡೆಯ ಕಡೆ ತಿರುಗಿ ನಿದ್ದೆ ಹೋಗಿದ್ದ. ಇನ್ನೂ ಮೂವತ್ತಮೂರು ಅವನಿಗೆ.

"ನಮ್ಮದೂ ಬೆಳಿಗ್ಗೆ ಬಂತು ದೊಡ್ಡಮ್ಮ," ಎಂದಳು ಪಿಸುದನಿಯಲ್ಲಿ. "ರೂಪಾಂತರಿ ಅಂತ ಬರೆದಿದೆ. ಸಾಲದ್ದಕ್ಕೆ ಎರಡು ಕಡೆ ತುಂಡೇ ಕಾಣೆಯಾಗಿದೆಯಂತೆ. ಮಾವನಿಗೆ ಫೋನ್ ಮಾಡಿದೆ. ಕೆಟ್ಟೇ ಹೋಗಿದೆ ಅಂದ್ಮೇಲೆ ಡಾಕ್ಟರನ್ನ ಕೇಳೋದೇನು, ಕೊಯ್ದ ತಲೆಗೆ ವಿಷದಂಥ ಔಷಧಿ ಬೇರೆ ಹಾಕಿಸಬೇಡ, ಮನೇಲೇ ನೆಮ್ಮದಿಯಾಗಿ ಇರಲಿ, ಕರಕೊಂಡು ಬಾ ಅಂದ್ರು. ಐದೂವರೆ ರೈಲಿಗೆ ಹೊರಡ್ತೀವಿ."

"ಅಳಬೇಡ ಮಗಳೇ," ಎಂದ ಲುವಾನ್. ತನ್ನ ಅದೃಷ್ಟಕ್ಕೆ ತಾನೇ ನಾಚಿದವನಂತೆ ಕಾಗದವನ್ನು ದಿಂಬಿನ ಕೆಳಗೆ ತಳ್ಳಿದ. "ಬೆಟ್ಟದ ಗಾಳಿಗೆ ಎಂಥೆಂಥವರೋ ಎದ್ದು ಕೂತಿದ್ದಾರೆ."

ಅಷ್ಟರಲ್ಲಿ ನರ್ಸ್ ಬಂದು, ಡಾಕ್ಟರ್ ಮೋ ಆಪರೇಷನ್ನಿಗೆ ಹೋಗುವ ಮುಂಚೆ ಒಂದು ನಿಮಿಷ ಕರೆಯುತ್ತಿದ್ದಾರೆ ಎಂದು ಸುಯುನ್‌ಳನ್ನು ಕರೆದೊಯ್ದಳು.

ಡಾಕ್ಟರ್ ಮೋ ಬಾಗಿಲು ಮುಚ್ಚಿದರು. ಸುಯುನ್‌ಳ ನಗುಮುಖ ನೋಡಿ ಮಾತು ಹೇಗೆ ಶುರು ಮಾಡುವುದೋ ತಿಳಿಯದೆ ಕನ್ನಡಕ ತೆಗೆದು ಒರೆಸಿದರು. ಅಷ್ಟಕ್ಕೇ ಸುಯುನ್ ತಾನೇ ಬಾಯಿಬಿಟ್ಟಳು.

"ಕಾಡು ಬಗೆ ಅಂದ್ರೆ ಒಳ್ಳೇದಲ್ವಾ ಡಾಕ್ಟ್ರೇ?"

"ನಮ್ಮ ಭಾಷೇಲಿ ಕಾಡು ಅಂದ್ರೆ ಆ ಜೀನು ಹುಟ್ಟಿದ ಹಾಗೇ ಇದೆ, ಬದಲಾಗಿಲ್ಲ ಅಂತ ಅಷ್ಟೇ ಅಮ್ಮ. ಅದು ಬದಲಾದ, ರೂಪಾಂತರಿ ಗಡ್ಡೆಗಳು ನಿಧಾನ. ಬದಲಾಗದ ಇಂಥದ್ದು..." ಅವರು ಮಾತು ಹುಡುಕಿದರು. "ಬೇಗ ಓಡುತ್ತೆ. ತೆಗೆದ ಜಾಗದಲ್ಲೇ ಮತ್ತೆ ಬರುತ್ತೆ."

ಸುಯುನ್ ಕುರ್ಚಿಯಲ್ಲಿ ಕೂತು ಮೇಜಿನ ಅಂಚು ಹಿಡಿದುಕೊಂಡಳು. "ಎಷ್ಟು ದಿನ?"

"ಒಂದು ವರ್ಷ, ಒಂದೂವರೆ. ಚಿಕಿತ್ಸೆ ಹಿಡಿದರೆ ಎರಡೂ ಆದೀತು. ಇದು ಎಲ್ಲರನ್ನೂ ಸೇರಿಸಿ ಹಾಕಿದ ಲೆಕ್ಕ, ಅವರೊಬ್ಬರ ಹಣೆಬರಹ ಅಲ್ಲ."

ಎದ್ದು ಬಾಗಿಲವರೆಗೆ ಹೋದವಳು ತಿರುಗಿದಳು. "ರೂಪಾಂತರಿ ಅಂತ ಇದ್ದು, ತುಂಡೂ ಕಾಣೆಯಾಗಿದ್ರೆ?"

"ಎರಡೂ ಇದ್ದರೆ ಪುಣ್ಯ. ಜೀನಿನ ಎಳೆಯಲ್ಲಿ ಆ ತುಂಡು ಇಲ್ಲದ ಗಡ್ಡೆ ಔಷಧಿಗೆ ಬಗ್ಗುತ್ತೆ. ಹತ್ತು ಹದಿನೈದು ವರ್ಷ ಬದುಕಿದವರಿದ್ದಾರೆ. ಯಾಕೆ ಕೇಳಿದ್ರಿ?"

"ಸುಮ್ಮನೆ," ಎಂದಳು ಸುಯುನ್.

ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಹೊಟ್ಟೆಕಿಚ್ಚಾಯಿತು ಅವಳಿಗೆ, ಸುಳ್ಳೇಕೆ? ಹಾಳು ಕಾಗದ ಅದಲುಬದಲಾಗಿ ಬರಬಾರದಿತ್ತೇ ಎಂದು ಕೂಡ ಅನ್ನಿಸಿಬಿಟ್ಟಿತು. ಥೂ ಎಂದುಕೊಂಡಳು. ಚುನ್‌ಯಾನ್‌ಗೆ ಹೇಳಿದರೆ ಅವಳು ಕುಣಿದಾಡುತ್ತಾಳೆ. ಅವಳು ಕುಣಿದರೆ ಈ ಮುದುಕನಿಗೆ ತನ್ನ ಕಾಗದದ ಅರ್ಥ ಹೊಳೆಯದೇ ಇದ್ದೀತೇ? ಹೇಳದಿದ್ದರೆ ಡಾಕ್ಟರು ಆಪರೇಷನ್ ಮುಗಿಸಿ ಬರುವಷ್ಟರಲ್ಲಿ ರೈಲು ಹೊರಟಿರುತ್ತದೆ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂಮುಕ್ಕಾಲು.

ವಾರ್ಡಿನಲ್ಲಿ ಚುನ್‌ಯಾನ್ ಚೀಲ ತುಂಬುತ್ತಿದ್ದಳು. ಶಿಂಗ್‌ಬಾಂಗ್ ಎದ್ದು, ಸಾವು ಗೊತ್ತಿಲ್ಲದ ಮಗುವಿನಂತೆ ಪಿಯರ್ ಹಣ್ಣು ತಿನ್ನುತ್ತಿದ್ದ. ಲುವಾನ್ ಅವನಿಗೆ ತನ್ನ ಕಾಡು ಗಡ್ಡೆಯ ಪ್ರತಾಪ ಹೇಳುತ್ತಿದ್ದ. "ಏನಂದ್ರು ಡಾಕ್ಟ್ರು?" ಎಂದು ಹೆಂಡತಿಯನ್ನು ಕೇಳಿದ.

"ಚೆನ್ನಾಗಿ ತಿನ್ನಬೇಕಂತೆ," ಎಂದಳು ಸುಯುನ್. ತನ್ನ ದನಿ ತನಗೇ ಪರಕೀಯವಾಗಿ ಕೇಳಿತು. ಬಿಸಿನೀರಿನ ಫ್ಲಾಸ್ಕ್ ಎತ್ತಿಕೊಂಡು, "ಚುನ್‌ಯಾನ್, ಸ್ವಲ್ಪ ಕೈಕೊಡು ಬಾ," ಎಂದಳು. ಒಂದು ಫ್ಲಾಸ್ಕಿಗೆ ಇಬ್ಬರೇಕೆ ಎಂದು ಯಾರೂ ಕೇಳಲಿಲ್ಲ.

ಬಿಸಿನೀರಿನ ಕೋಣೆಯಲ್ಲಿ ಹಬೆ ತುಂಬಿತ್ತು. ಸುಯುನ್ ನಲ್ಲಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ರೂಪಾಂತರಿಯೇ ಒಳ್ಳೆಯದು, ತುಂಡು ಕಾಣೆಯಾಗಿರುವುದು ಇನ್ನೂ ಒಳ್ಳೆಯದು, ಹತ್ತು ವರ್ಷ, ಹದಿನೈದು ವರ್ಷ. ಚುನ್‌ಯಾನ್ ಸುಯುನ್‌ಳ ತೋಳು ಹಿಡಿದು ಮಗುವಿನಂತೆ ಕುಪ್ಪಳಿಸಿದಳು. ಆಮೇಲೆ ಹಾಗೆಯೇ ನಿಂತುಬಿಟ್ಟಳು.

"ಹಾಗಾದ್ರೆ ದೊಡ್ಡಪ್ಪಂದು?"

"ಅಲ್ಲಿ ನಗಬೇಡ," ಎಂದಳು ಸುಯುನ್. "ನಿನ್ನ ಕಾಲಿಗೆ ಬೀಳ್ತೀನಿ ಕಣೇ, ಅವನ ಮುಂದೆ ನಗಬೇಡ."

ಚುನ್‌ಯಾನ್ ತಲೆ ತಗ್ಗಿಸಿಕೊಂಡೇ ಒಳಗೆ ಬಂದಳು. ಮುಖ ಜೋಲುಹಾಕಿದ್ದಳು, ಒಮ್ಮೆ ಮೂಗೂ ಒರೆಸಿದಳು, ಪಾಪ. ಆದರೆ ಕೈಗಳಿಗೆ ಯಾರು ಹೇಳಬೇಕು? ಅವು ಚೀಲಕ್ಕೆ ಹೋಗಿ ಬಟ್ಟಲು ತೆಗೆದಿಟ್ಟವು, ಟವೆಲ್ ತೆಗೆದು ಮಂಚದ ಕಂಬಿಗೆ ಹಾಕಿದವು, ಚಪ್ಪಲಿಗಳನ್ನು ಮತ್ತೆ ಮಂಚದ ಕೆಳಗೆ ಜೋಡಿಸಿದವು.

ಲುವಾನ್ ನೋಡುತ್ತಲೇ ಇದ್ದ. "ರೈಲಿಗೆ ಹೊತ್ತಾಗಲ್ವೇನಮ್ಮ?"

"ಇಲ್ಲ ದೊಡ್ಡಪ್ಪ. ನಾಲ್ಕು ದಿನ ಇದ್ದು ನೋಡೋಣ ಅಂತ..." ಗಂಟಲಿಗೆ ಬಂದ ನಗುವನ್ನು ಅವಳು ಕೆಮ್ಮಿ ನುಂಗಿದಳು.

ಅವನು ದಿಂಬಿನ ಕೆಳಗೆ ಕೈಹಾಕಿ ಕಾಗದ ತೆಗೆದ. ಓದಲಿಲ್ಲ. ಚುನ್‌ಯಾನ್‌ಳ ಬೆನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಸುಯುನ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದಳು. ಅದು ಆಗಲೇ ಬಿಗಿಯಾಗಿತ್ತು.

"ಎಷ್ಟು ದಿನ ಅಂದ್ರು?" ಎಂದ ತಗ್ಗಿದ ದನಿಯಲ್ಲಿ.

ಸುಳ್ಳು ಹೇಳಬೇಕೆಂದೇ ಬಾಯಿ ತೆರೆದಳು. "ಎರಡು ವರ್ಷ."

"ಹಾಗಂದ್ರೆ ಒಂದು," ಎಂದ ಲುವಾನ್. "ನೀನು ಯಾವತ್ತೂ ದುಪ್ಪಟ್ಟು ಬೆಲೆ ಹೇಳಿ ಕೂರೋಳೇ."

ಅವಳು ಮಂಚದ ಅಂಚಿನಲ್ಲಿ ಕುಸಿದು ಕೂತಳು. ಅವನು ಸ್ವಲ್ಪ ಸರಿದು ಜಾಗ ಕೊಟ್ಟ.

"ಭಯ ಆಗ್ತಿದೆಯಾ?" ಎಂದ.

"ಹೂಂ."

"ನನಗೂ." ಪಕ್ಕದ ಮಂಚದ ಕಡೆ ಗಲ್ಲ ಎತ್ತಿ ತೋರಿಸಿದ. "ಆ ಹುಡುಗಿ ಎಷ್ಟೊತ್ತು ಅಂತ ತಡಕೊಂಡಿರ್ತಾಳೆ? ಉಸಿರು ಕಟ್ಟೀತು."

ಅವಳು ಏಳುವ ಮುಂಚೆಯೇ ಬಲಗೈ ಚಾಚಿ ಎರಡು ಮಂಚಗಳ ನಡುವಿನ ಪರದೆಯನ್ನು ತಾನೇ ಎಳೆದ. ಪರದೆಯ ಬಳೆಗಳು ಕಂಬಿಯ ಮೇಲೆ ಕರಕರ ಎನ್ನುತ್ತ ತುದಿಯವರೆಗೆ ಹೋದವು. ಆಚೆ ಪಿಸುಮಾತು, ಶಿಂಗ್‌ಬಾಂಗ್‌ನ "ಹಾಂ?", ಇನ್ನೊಂದು ಪಿಸುಮಾತು. ಕೊನೆಗೆ ಚುನ್‌ಯಾನ್ ನಕ್ಕಳು, ತಡೆಯಲಾರದೆ, ಅಳುವಿನಂತೆ.

ಈಚೆ ಲುವಾನ್ ಪರದೆಯ ಅಂಚನ್ನು ಬಿಡದೆ ಹಿಡಿದುಕೊಂಡೇ ಇದ್ದ.