ಆರನೇ ಸಲದ ಸಾವು

"ಸಾಯೋಕೂ ಬರಲ್ವೇನ್ಲಾ ಬಡ್ಡೀಮಗನೆ? ಗುಂಡು ಬಿದ್ದೋನು ಯಾವನಾದ್ರೂ ಕಾಲ್ ನೋಡ್ಕಂಡ್ ಬೀಳ್ತಾನಾ? ಹತ್ತು ಬಂಡೆ ಮೇಲಕ್ಕೆ!"

ಚಲನಚಿತ್ರ ತೆಗೆಯುವ ಪ್ರಿಂಗಲ್ ಹೊಳೆದಂಡೆಯಲ್ಲಿ ನಿಂತು, ತಗಡಿನ ಕಹಳೆಯನ್ನು ಬಾಯಿಗಿಟ್ಟುಕೊಂಡು ಕಿರುಚುತ್ತಿದ್ದ. ಟಿಲ್ಲಿಯ ತಮ್ಮ ಐದನೇ ಸಲ ಸತ್ತು ನೀರಿನಿಂದ ಎದ್ದು ಬಂದ. ಮೈಗೆ ಬಳಿದಿದ್ದ ಗೋಧಿ ಹಿಟ್ಟು ತೊಳೆದುಹೋಗಿತ್ತು.

"ಏಯ್ ಟಿಲ್ಲಿ, ಹಿಟ್ಟು ಬಳಿಯೇ ಅವನಿಗೆ. ಕಾಡುಮನುಷ್ಯನ ಥರ ಕಾಣ್ಬೇಕು."

ಕಾಡುಮನುಷ್ಯನಂತೆ! ಹುಟ್ಟಿದಾಗಿನಿಂದ ಹಾರ್‌ಗ್ರೀವ್ ದೊರೆಯ ಕುರಿ ಕಾದವನು, ಭಾನುವಾರ ಅಂಗಿಗೆ ಇಸ್ತ್ರಿಯಿಲ್ಲದೆ ಹೊರಗೆ ಕಾಲಿಡದವನು. ಟಿಲ್ಲಿ ದೊರೆಯ ಅಡುಗೆಮನೆಯ ಹಿಟ್ಟನ್ನೇ ಕಲಸಿ ತಂದಿದ್ದಳು. ಅವಳ ಜನದಲ್ಲಿ ಮೈಗೆ ಬಿಳಿ ಬಳಿದುಕೊಳ್ಳುವವರು ಸಾವಾದ ಮನೆಯವರು. ಬದುಕಿರುವ ತಮ್ಮನ ಎದೆಗೆ ಅವಳು ಬೆರಳಿನಿಂದ ಬಿಳಿ ಪಟ್ಟೆ ಎಳೆದಳು.

"ಬ್ಯಾಡ ಕಣೋ. ಮಂಡಿ ಊದೈತೆ. ಆಗಲ್ಲ ಅನ್ನು."

"ಸುಮ್ಕಿರಕ್ಕ. ಇದೊಂದ್ ಸಲ ಸರಿಯಾಗ್ ಸತ್ರೆ ವಾರಕ್ಕಾಗೋ ಹೊಗೆಸೊಪ್ಪು ಕೊಡ್ತಾನಂತೆ." ಅವನು ನಕ್ಕ. "ಸತ್ತೂ ಸತ್ತೂ ಪಳಗ್ಬುಟ್ಟಿವ್ನಿ."

ಆರನೇ ಸಲ ಅವನು ಕಾಲು ನೋಡದೆ ಬಿದ್ದ. ನೀರಿಗಲ್ಲ, ಕೆಳಗಿನ ಕಲ್ಲಿಗೆ. ಪ್ರಿಂಗಲ್ ಟೋಪಿ ಎಸೆದು ಕುಣಿದಾಡಿದ. "ಇದಪ್ಪಾ ಸಾವು ಅಂದ್ರೆ!" ಬಿದ್ದವನು ಏಳುವುದಿಲ್ಲವೆಂದು ಗೊತ್ತಾಗುವ ಹೊತ್ತಿಗೆ ಕ್ಯಾಮೆರಾ ಪೆಟ್ಟಿಗೆ ಸೇರಿತ್ತು.

ಅದು ಸಾವಿರದ ಒಂಬೈನೂರ ಹನ್ನೊಂದನೇ ಇಸವಿ, ಕ್ವೀನ್ಸ್‌ಲ್ಯಾಂಡಿನ ಒಳನಾಡು. ಸತ್ತವರ ಹೆಸರನ್ನು ಆ ನೆಲದ ಮೂಲನಿವಾಸಿಗಳಾದ ಟಿಲ್ಲಿಯ ಜನ ಎತ್ತುವುದಿಲ್ಲ. ಎತ್ತಿದರೆ ತನ್ನ ನೆಲಕ್ಕೆ ಹೊರಟ ಜೀವ ತಿರುಗಿ ನೋಡುತ್ತದೆ. ಅದಕ್ಕೇ ಇಲ್ಲಿಯೂ ಆ ಹೆಸರಿಲ್ಲ. ಅವನ ಗುಡಿಸಲು ಸುಟ್ಟರು, ಹಸಿರೆಲೆಯ ಹೊಗೆ ಹಾಕಿ ಅವನನ್ನು ಕಳಿಸಿಕೊಟ್ಟರು. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ಆದರೂ ಅವನು ಹೋಗಲಿಲ್ಲ. ಪಾತ್ರೆ ತೊಳೆಯುವಾಗ ಟಿಲ್ಲಿಯ ಬೆನ್ನ ಹಿಂದೆ ಒದ್ದೆ ಹೆಜ್ಜೆಯ ಸದ್ದು ಕೇಳುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಯಾಕೆ ಹೀಗೆಂದು ತಿಳಿದದ್ದು ನಾಲ್ಕು ತಿಂಗಳ ಮೇಲೆ, ಪ್ರಿಂಗಲ್ ರೀಲಿನ ಡಬ್ಬಿ ಹಿಡಿದು ಬಂದಾಗ.

ಭಾನುವಾರ ಮಧ್ಯಾಹ್ನ. ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ದೊರೆಯ ನೆಂಟರಿಷ್ಟರು ಕುರ್ಚಿಗಳ ಮೇಲೆ. ಅವರ ಮುಂದೆ ಒಂದು ಹಗ್ಗ, ಹಗ್ಗದಾಚೆ ಬಿಳಿ ಬಟ್ಟೆಯ ಬುಡದಲ್ಲಿ, ನೆಲದ ಮೇಲೆ ಆಳುಗಳು.

"ನಿಮ್ಮೋನೇ ಅವ್ನೆ ಇದ್ರಲ್ಲಿ, ಕಣ್ ಬಿಟ್ಕಂಡ್ ನೋಡ್ರಿ ಮುಂಡೇವ," ಅಂದ ದೊರೆ.

ಪ್ರಿಂಗಲ್ ಯಂತ್ರದ ಹಿಡಿ ತಿರುಗಿಸಿದ. ಬಟ್ಟೆಯ ಮೇಲೆ ಸದ್ದಿಲ್ಲದೆ ಹೊಳೆ ಹರಿಯಿತು. ಬಂಡೆಯ ಮೇಲೆ ತಮ್ಮ ನಿಂತಿದ್ದ. ಎದೆಯ ಮೇಲೆ ಟಿಲ್ಲಿಯ ಬೆರಳಿನ ಪಟ್ಟೆಗಳು ಹಾಗೇ ಇದ್ದವು. ಬಿದ್ದ. ಕುರ್ಚಿಗಳಿಂದ ಚಪ್ಪಾಳೆ. ಆಳುಗಳು ಮುಖ ಮುಚ್ಚಿಕೊಂಡು ಗೋಳಾಡಿದರು. ಮುದುಕಿ ಬಿಡ್ಡಿ ತಲೆ ಚಚ್ಚಿಕೊಂಡಳು.

"ನಿಜ ಅನ್ಕಂಡವೆ ದಡ್ಡಮುಂಡೇವು!" ದೊರೆಸಾನಿ ಹೊಟ್ಟೆ ಹಿಡಿದು ನಕ್ಕಳು.

"ತಡೀರಿ, ಇನ್ನೊಂದ್ ಮಜಾ ಐತೆ." ಪ್ರಿಂಗಲ್ ಹಿಡಿಯನ್ನು ಹಿಂದಕ್ಕೆ ತಿರುಗಿಸಿದ. ಕಲ್ಲಿನ ಮೇಲೆ ಬಿದ್ದವನು ಗಾಳಿಯಲ್ಲಿ ಮೇಲೇರಿ, ಬಂಡೆಯ ಮೇಲೆ ಕಾಲೂರಿ ನಿಂತ. ನಿಂತು ಅಕ್ಕನನ್ನೇ ನೋಡಿದ.

"ಸಾಯ್ಸು ಮತ್ತೆ! ಇನ್ನೊಂದ್ ಸಲ ಸಾಯ್ಸು!" ಕುರ್ಚಿಗಳು ಕೂಗಿದವು.

ಟಿಲ್ಲಿಗೆ ಆಗ ಎಲ್ಲ ತಿಳಿಯಿತು. "ಹೋಗಾಕೆ ಬುಟ್ಟಿಲ್ಲ ಕಣವ್ವ ಅವನ್ನ," ಅಂದಳು ಬಿಡ್ಡಿಗೆ. "ಡಬ್ಬೀಲಿ ಕೂಡಾಕಂಡವ್ರೆ."

ಎದ್ದು ಹೊರಗೆ ಹೋದಳು. ನೆಂಟರ ಚಹಾಕ್ಕೆ ಹಚ್ಚಿದ್ದ ಒಲೆಯಿಂದ ಕೆಂಡವನ್ನು ಬಕೆಟ್ಟಿಗೆ ತೋಡಿಕೊಂಡಳು. ನೀಲಗಿರಿ ಮರದ ಹಸಿ ಕೊಂಬೆ ಮುರಿದು ತಂದಳು. ಹಗ್ಗ ದಾಟಿ, ಯಂತ್ರಕ್ಕೂ ಬಟ್ಟೆಗೂ ನಡುವೆ ನಿಂತು ಕೆಂಡದ ಮೇಲೆ ಎಲೆ ಸುರಿದಳು. ದಟ್ಟ ಹೊಗೆ ಎದ್ದಿತು. ಬೆಳಕು ಅದರಲ್ಲೇ ಸಿಕ್ಕಿಕೊಂಡಿತು, ಬಟ್ಟೆ ಮಂಕಾಯಿತು.

"ಲೇ ಮುಂಡೆ, ಕೆಂಡ ಆಚೆ ಹಾಕೇ!" ಪ್ರಿಂಗಲ್ ಚೀರಿದ. "ರೀಲು ಅಂದ್ರೆ ಕೋವಿಮದ್ದು ಕಣೇ, ಒಂದ್ ಕಿಡಿ ಸಾಕು!"

ಕುರ್ಚಿಗಳು ಉರುಳಿದವು, ಬಾಗಿಲಲ್ಲಿ ನೂಕುನುಗ್ಗಲು. ದೊರೆ ಅವಳ ಜುಟ್ಟು ಹಿಡಿದು ಜಗ್ಗಿದ. "ಏನೇ ಮಾಡ್ತಿದೀಯ?"

"ನನ್ ತಮ್ಮನ್ನ ಕಳಿಸ್ತಾ ಇವ್ನಿ." ಅವಳ ಮಾತಿನ ಕೊನೆಗೆ ಮೊದಲ ಸಲ 'ದೊರೆ' ಅನ್ನುವ ಪದವಿರಲಿಲ್ಲ.

ಬಕೆಟ್ಟು ಕಿತ್ತುಕೊಳ್ಳಲು ಪ್ರಿಂಗಲ್ ಓಡಿಬಂದ. ಸಿಟ್ಟಿನಲ್ಲಿ ಹಿಡಿ ಬಿಟ್ಟುಬಂದಿದ್ದ. ಉರಿಯುವ ದೀಪದೆದುರು ರೀಲು ನಿಂತೇಬಿಟ್ಟಿತು. ಹೊಗೆಯಾಚೆ ಬಟ್ಟೆಯ ಮೇಲೆ ತಮ್ಮನೂ ನಿಂತ, ಬೀಳದೆ. ಎದೆಯ ಬಿಳಿ ಪಟ್ಟೆಗಳ ಮೇಲೆ ಕಂದು ಕಲೆಯೊಂದು ಮೂಡಿ, ಗುಳ್ಳೆಯೆದ್ದು ಹರಡಿತು. ಮುಖ ಹೋಯಿತು, ಬಂಡೆ ಹೋಯಿತು. ಆಮೇಲೆ ಯಂತ್ರವೇ ಭಗ್ಗನೆ ಹೊತ್ತಿಕೊಂಡಿತು.

ಹೊರಗೆ ದೊರೆ ಕೂಗಿ ಕೂಗಿ ಗಂಟಲು ಹರಿದುಕೊಂಡ. "ನೀರು ತರ್ರೋ! ಹೊಳೆ ಅಲ್ಲೇ ಐತಲ್ರೋ!" ಆಳುಗಳು ಕೈಕಟ್ಟಿ ನಿಂತಿದ್ದರು. ಒಬ್ಬರೂ ಅಲುಗಲಿಲ್ಲ. ಕೊಟ್ಟಿಗೆ ಉರಿದು ಕುಸಿಯಿತು. ಬಕೆಟ್ಟು ಹಿಡಿದೇ ಹೊರಬಂದಿದ್ದ ಟಿಲ್ಲಿ ಕಿವಿಗೊಟ್ಟಳು. ಬೆನ್ನ ಹಿಂದೆ ಒದ್ದೆ ಹೆಜ್ಜೆಯಿರಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳಿಗೆ ಮನಸಾರೆ ಅಳು ಬಂತು.

ಮಸಿ ಮೆತ್ತಿದ ಮುಖದ ಪ್ರಿಂಗಲ್ ಅವಳ ಕಾಲ ಬಳಿ ಉಗಿದ. "ಒಂದ್ ಸುಟ್ಬುಟ್ರೆ ಆಗೋಯ್ತೇನೆ? ಇದೇ ಚಿತ್ರದ ರೀಲು ಇನ್ನೂ ಹನ್ನೆರಡವೆ. ಊರೂರಲ್ಲಿ ದಿನಾ ಬೀಳ್ತಾವ್ನೆ ನಿನ್ ತಮ್ಮ."

ಬೆನ್ನ ಹಿಂದೆ, ಒಣ ನೆಲದ ಮೇಲೆ, ಒದ್ದೆ ಹೆಜ್ಜೆಯೊಂದರ ಸದ್ದಾಯಿತು.

ಟಿಲ್ಲಿ ಕಣ್ಣೊರೆಸಿಕೊಂಡಳು. ಬಕೆಟ್ಟಿನಲ್ಲಿ ಕೆಂಡ ಇನ್ನೂ ಇತ್ತು. ಅದರ ಮೇಲೆ ಇನ್ನೊಂದು ಹಿಡಿ ಎಲೆ ಹಾಕಿದಳು.

"ಯಾವ್ಯಾವ್ ಊರು? ಹೇಳು," ಅಂದಳು.