ಬಳಕೆದಾರರ ಕುರ್ಚಿಯಲ್ಲಿ ಕಂಪನಿಯ ಭಾವಮೈದ

ನಮ್ಮ ಮಗಳಿಗೆ ಕಿವಿ ಕೇಳಿಸುವುದಿಲ್ಲ. ಕೈಯಲ್ಲಿ ಮಾತಾಡುತ್ತಾಳೆ. ದಿನಾ ಸಂಜೆ ಫೋನಿನ ವಿಡಿಯೋದಲ್ಲಿ ಅವಳಿಗೆ ಡಿಗ್ರಿ ಪಾಠ. ಮೇಡಂ ಕೂಡ ಕೈಯಲ್ಲೇ ಕಲಿಸುತ್ತಾರೆ. ಈಚೆಗೆ ಸಂಜೆಯಾದರೆ ಸಾಕು, ಮೇಡಂ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಅರ್ಧ ಮಾತು ಬಂದರೆ ಅರ್ಧ ಇಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಒಂದು ದಿನ ಅವಳು ಫೋನನ್ನು ದಿಂಬಿನ ಮೇಲೆ ಎಸೆದು, ಗೋಡೆಯ ಕಡೆ ತಿರುಗಿ ಕೂತಳು.

ಪಕ್ಕದ ಮನೆಯ ಟಿವಿಯಲ್ಲಿ, ಊರಿಗೆ ಇಂಟರ್ನೆಟ್ ಕೊಡುವ ಕಂಪನಿಯವರ ಸಿನಿಮಾ ಮಾತ್ರ ಒಂದು ಕ್ಷಣವೂ ನಿಲ್ಲದೆ ಓಡುತ್ತಿತ್ತು. ಇದೇನು ಮಾಯ ಅಂತ ಎದುರು ಮನೆಯ ಲೈಬ್ರರಿ ಅಕ್ಕನನ್ನು ಕರೆದು ಕೇಳಿದೆ.

"ಮಾಯ ಅಲ್ಲ ಕಣೇ, ನಿಯಮ. ಊರಿನ ಇಂಟರ್ನೆಟ್ ಸಮಿತಿ ಮಾಡಿದ್ದು. ಸಂಜೆ ಹೊತ್ತು ಕಂಪನಿ ಸಿನಿಮಾಗಳಿಗೆ ಮೊದಲ ದಾರಿ. ನಿನ್ನ ಮಗಳ ಪಾಠಕ್ಕೆ ಮಿಕ್ಕಿದ್ದು."

"ಸಮಿತೀಲಿ ನಮ್ಮ ಪರ ಯಾರೂ ಇಲ್ವಾ?"

"ಇದ್ದಾನಲ್ಲ, ಬಳಕೆದಾರರ ಪ್ರತಿನಿಧಿ. ನಮ್ಮ ನಗುಮುಖ! ಆ ನಿಯಮಕ್ಕೆ ಅವನೂ ಕೈ ಎತ್ತಿದ."

ನಗುಮುಖ ನಮ್ಮ ಬೀದಿಯ ಕೊನೆ ಮನೆಯವನು; ಸದಾ ನಗುತ್ತಿರುತ್ತಾನೆ ಅಂತ ಬೀದಿಯವರು ಇಟ್ಟ ಹೆಸರು. ಕಂಪನಿ ಮ್ಯಾನೇಜರನ ಭಾವಮೈದ. ಸಂಬಳವೂ ಅಲ್ಲಿಂದಲೇ.

ನಮ್ಮ ಯಜಮಾನರು ಬಸ್ ಡ್ರೈವರು. ತಟ್ಟೆಯಿಂದ ತಲೆ ಎತ್ತದೆ ಅಂದರು: "ಪಾಪ, ಒಳ್ಳೇ ಮನುಷ್ಯ. ಕಂಡಾಗೆಲ್ಲ ಮಾತಾಡಿಸ್ತಾನೆ. ದೊಡ್ಡೋರ ವಿಷಯ ನಮಗ್ಯಾಕಕ್ಕ?"

"ನಿನ್ನ ಬಸ್ಸಿಗೆ ಟಿಕೆಟ್ ಚೆಕ್ ಮಾಡೋಕೆ ಕಂಡಕ್ಟರನ ತಮ್ಮನ್ನೇ ಹತ್ತಿಸಿದ್ರೆ?" ಅಕ್ಕ ಕೇಳಿದರು.

"ಅದ್ಹೇಗಾಗುತ್ತೆ! ಅಣ್ಣನ ಮೇಲೆ ತಮ್ಮ ದೂರು ಕೊಡ್ತಾನಾ?"

"ನೋಡು, ಬಸ್ಸಲ್ಲಾದ್ರೆ ಬುದ್ಧಿ ಚೆನ್ನಾಗಿ ಓಡುತ್ತೆ."

"ಅವನನ್ನ ಆರಿಸಿದ್ದಾದ್ರೂ ಯಾರು?" ನಾನು ಕೇಳಿದೆ.

"ನೀನೇ. ನಾನೇ. ಹೋಗದೆ ಇದ್ದು ಆರಿಸಿದ್ವಿ. ಸಭೆ ಇಟ್ಟಿದ್ದು ಕೆಲಸದ ದಿನ, ಬೆಳಗ್ಗೆ. ನೀನು ಬೇಕರಿ ಒಲೆ ಮುಂದೆ, ಇವನು ಬಸ್ಸಲ್ಲಿ, ನಾನು ಲೈಬ್ರರೀಲಿ. ಬಂದವರೆಲ್ಲ ಕಂಪನಿಯವರು. ಬೇರೆ ಯಾರಾದ್ರೂ ಇದ್ದೀರಾ ಅಂದ್ರಂತೆ, ಚಪ್ಪಾಳೆ ಹೊಡೆದ್ರಂತೆ. ಮುಗೀತು."

ನನಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಸಭೆಗೆ ರಜೆ ಹಾಕಿ ಎಲ್ಲರೂ ಹೋದೆವು, ಮಗಳೂ ಸೇರಿ. ಕಂಪನಿಯ ಸಂಬಳ ತಿನ್ನುವವನು ನಮ್ಮ ಪ್ರತಿನಿಧಿ ಹೇಗಾದ ಅಂತ ನೇರವಾಗಿ ಕೇಳಿದೆ.

ನಗುಮುಖ ನಕ್ಕ. "ಅಕ್ಕಾ, ನಾನೂ ಇಂಟರ್ನೆಟ್ ಬಳಸ್ತೀನಲ್ಲ? ನಾನೂ ಬಳಕೆದಾರನೇ!"

ಸುತ್ತ ಕೂತವರೂ ನಕ್ಕರು. ಯಜಮಾನರು ದಡಕ್ಕನೆ ಎದ್ದರು. "ಬೆಕ್ಕೂ ಹಾಲು ಕುಡಿಯುತ್ತೆ. ಹಾಗಂತ ಹಾಲಿನ ಕಾವಲಿಗೆ ಬೆಕ್ಕನ್ನ ಕೂರಿಸ್ತೀರೇನ್ರೀ?"

"ಅಣ್ಣಾ, ನನ್ನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಮಾತಲ್ಲಪ್ಪಾ," ಅಂದರು ಲೈಬ್ರರಿ ಅಕ್ಕ. "ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀಯ. ಒಂದರಿಂದ ಇಳಿ."

ನಾನು ಕೈಯಲ್ಲಿ ತಿಳಿಸುತ್ತಿದ್ದುದನ್ನೆಲ್ಲ ನೋಡುತ್ತಿದ್ದ ಮಗಳು ಅಷ್ಟರಲ್ಲಿ ನನ್ನ ತೋಳು ಜಗ್ಗಿದಳು. ಅವಳ ಕೈ ಹೇಳಿದ್ದನ್ನು ನಾನು ಬಾಯಲ್ಲಿ ಹೇಳಿದೆ: "ನನ್ನ ಪಾಠ ನಿಲ್ಲಿಸೋಕೆ ಇಷ್ಟು ಜನ ಕೈ ಎತ್ತಿದ್ರಲ್ಲ, ಆಗ ನನ್ನ ಕೈ ಎಲ್ಲಿತ್ತು ಅಂತ ಕೇಳ್ತಿದ್ದಾಳೆ."

ಯಾರೂ ನಗಲಿಲ್ಲ. ಸಮಿತಿಯ ಅಧ್ಯಕ್ಷೆ ನಿಯಮದ ಕಾಗದವನ್ನು ತೆಗೆದು ಮತ್ತೆ ಓದಿದರು. ಆಮೇಲೆ ನಿಯಮವನ್ನು ತಡೆಹಿಡಿದರು. ಇನ್ನು ಸಭೆ ರಜಾದಿನ ಸಂಜೆ ಅಂತ ತೀರ್ಮಾನಿಸಿದರು. ಯಾವ ವಿಷಯದಲ್ಲಿ ಯಾರಿಗೆ ಸ್ವಂತ ಲಾಭವಿದೆಯೋ ಅವರು ಮೊದಲೇ ಹೇಳಬೇಕು, ಮತ ಹಾಕುವಾಗ ಹೊರಗಿರಬೇಕು. ಬಳಕೆದಾರರ ಕುರ್ಚಿಗೆ ಬಳಕೆದಾರರೇ ಮತ ಹಾಕಬೇಕು.

ಬಾಗಿಲು ದಾಟುತ್ತಿದ್ದಂತೆ ಯಜಮಾನರು ಮಗಳ ಹೆಗಲ ಮೇಲೆ ಕೈಯಿಟ್ಟು, "ಆ ಕುರ್ಚಿಗೆ ಇವಳೇ ನಿಲ್ಲಲಿ. ಮನೆಮನೆಗೆ ನಾನೇ ಹೋಗಿ ಹೇಳ್ತೀನಿ," ಅಂದರು. ಮೊನ್ನೆ ದೊಡ್ಡೋರ ವಿಷಯ ಅಂದವರು!

ಅಕ್ಕಂದಿರೇ, ಅಣ್ಣಂದಿರೇ, ಇಂಟರ್ನೆಟ್ಟಿನ ನಿಯಮ ಆಕಾಶದಿಂದ ಇಳಿಯುವುದಿಲ್ಲ. ನಿಮ್ಮ ಊರಿನದಾಗಲಿ, ಇಡೀ ಲೋಕದ್ದಾಗಲಿ, ಯಾವುದೋ ಕೋಣೆಯಲ್ಲಿ ಯಾರೋ ಕೂತು ಮಾಡುತ್ತಾರೆ. ಅಲ್ಲಿ ನಿಮ್ಮ ಹೆಸರು ಹೇಳಿಕೊಂಡು ಕೂತವರು ಯಾರ ಉಪ್ಪು ತಿನ್ನುತ್ತಿದ್ದಾರೆ, ಕೇಳಿ. ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ. ನಾವು ಬಿಟ್ಟ ಕುರ್ಚಿ ಖಾಲಿ ಇರುವುದಿಲ್ಲ.