ಪರದೆ ಏರಿಸದ ಮನೆ

ಹೊಸ ಊರಿಗೆ ಹೋದಾಗ ನಾನು ಮೊದಲು ನೋಡುವುದು ಆಸ್ಪತ್ರೆಯನ್ನಲ್ಲ, ಮಲಗುವ ಕೋಣೆಯ ಕಿಟಕಿಯನ್ನು. ಏಜೆನ್ಸಿ ಕಳಿಸಿದ ಕಡೆ ಹೋಗಿ ಕೆಲವು ತಿಂಗಳು ದುಡಿದು, ಮತ್ತೆ ಗಂಟು ಕಟ್ಟುವ ನರ್ಸ್ ನಾನು. ಆಸ್ಪತ್ರೆಗಳು ಎಲ್ಲ ಊರಲ್ಲೂ ಒಂದೇ. ಅದೇ ಮಂಚ, ಅದೇ ಡ್ರಿಪ್ ಕಂಬ, ಅದೇ ಹೆದರಿದ ಮುಖಗಳು. ಮನೆ ಮಾತ್ರ ಒಂದೊಂದು ಊರಲ್ಲಿ ಒಂದೊಂದು ಥರ. ರಾತ್ರಿ ಪಾಳಿ ಮಾಡುವವಳಿಗೆ ಹಗಲು ನಿದ್ದೆ ಕೊಡದ ಮನೆ ಅರಮನೆಯಾದರೂ ಅದು ಮನೆಯಲ್ಲ. ಅದಕ್ಕೇ ನನ್ನ ಕಾರಿನ ಡಿಕ್ಕಿಯಲ್ಲಿ ನನ್ನದೇ ದಿಂಬು, ಒಂದು ಹರಿತವಾದ ಚಾಕು, ಕೆಟಲ್, ಜೊತೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲಿನ ದೊಡ್ಡ ಸುರುಳಿ ಯಾವಾಗಲೂ ಇರುತ್ತವೆ. ಫಾಯಿಲ್ ತಿಂಡಿ ಸುತ್ತುವುದಕ್ಕಲ್ಲ, ಕಿಟಕಿ ಗಾಜಿಗೆ ಅಂಟಿಸುವುದಕ್ಕೆ. ಕ್ವೀನ್ಸ್‌ಲೆಂಡಿನ ಒಳನಾಡಿನ ಬಿಸಿಲನ್ನು ಬಟ್ಟೆಯ ಪರದೆ ತಡೆಯುವುದಿಲ್ಲ.

ಮುರ್ರಿಗಲ್ ಎಂಬ ಸಣ್ಣ ಊರಿಗೆ ಬಂದಾಗ ನರ್ಸ್‌ಗಳ ವಸತಿಗೆ ಬೀಗ ಬಿದ್ದಿತ್ತು. ಗೆದ್ದಲು ಹಿಡಿದು ನೆಲದ ಹಲಗೆ ಕುಸಿದಿತ್ತಂತೆ. ಊರಿನ ಬಾಡಿಗೆ ಮನೆಗಳಲ್ಲೆಲ್ಲ ಗ್ಯಾಸ್ ಪೈಪ್ ಹಾಕಲು ಬಂದವರು ತುಂಬಿಕೊಂಡಿದ್ದರು. ನನ್ನನ್ನು ಪಬ್ಬಿನ ಮಾಳಿಗೆಯ ಕೋಣೆಯಲ್ಲಿ ಇರಿಸಿದರು. ಬೆಳಿಗ್ಗೆ ನಾನು ಕಣ್ಣು ಮುಚ್ಚುವ ಹೊತ್ತಿಗೆ ಕೆಳಗೆ ಬಿಯರ್ ಪೀಪಾಯಿ ಉರುಳಿಸುವ ಸದ್ದು, ಆಮೇಲೆ ಟಿವಿಯಲ್ಲಿ ಕುದುರೆ ರೇಸಿನವನ ಕೂಗು.

ಒಂದು ಬೆಳಿಗ್ಗೆ ಪಾಳಿ ಮುಗಿಸುವಾಗ ಗ್ವೆಂಡಾಗೆ ನೇರವಾಗಿ ಹೇಳಿದೆ. ಗ್ವೆಂಡಾ ಅಲ್ಲಿನ ನರ್ಸ್‌ಗಳ ಮೇಲಿನವಳು. ಊರಿಗೆ ಊರೇ ಅವಳನ್ನು ಮೇಟ್ರನ್ ಎನ್ನುತ್ತಿತ್ತು.

"ನಿನ್ನೆ ಒಂದು ಇಂಜೆಕ್ಷನ್ ಹೆಸರನ್ನ ಮೂರು ಸಲ ಓದ್ದೆ ಮೇಟ್ರನ್. ಮೂರನೇ ಸಲ ಓದಿದ್ದಕ್ಕೆ ಬಚಾವಾದೆ. ನಿದ್ದೆ ಇಲ್ದೆ ನಾನು ಇಲ್ಲಿ ನಿಲ್ಲೋದಿಲ್ಲ. ಯಾರನ್ನಾದ್ರೂ ಸಾಯಿಸಿ ಹೋಗೋದಕ್ಕಿಂತ ಮೊದಲೇ ಹೋಗೋದು ಒಳ್ಳೇದು."

ಗ್ವೆಂಡಾ ತಲೆ ಕೆರೆದುಕೊಂಡಳು. "ನೀನು ಹೋದ್ರೆ ರಾತ್ರಿ ವಾರ್ಡ್ ಮುಚ್ಚಬೇಕು ಜಾನೀನ್. ಎದೆನೋವು ಬಂದವರನ್ನ ನಾಲ್ಕು ಗಂಟೆ ದೂರ ಕಾರಲ್ಲಿ ಹಾಕ್ಕೊಂಡು ಹೋಗ್ಬೇಕಾಗುತ್ತೆ." ಆಮೇಲೆ, "ಎನಿಡ್ ಶುಲ್ಜ್ ಹಿತ್ತಲಲ್ಲಿ ಒಂದು ಸಣ್ಣ ಮನೆ ಇದೆ. ಆದ್ರೆ ಹೋದ ಸಲದ ನರ್ಸ್ ಹೇಳದೆ ಕೇಳದೆ ಓಡಿಹೋದ ಮೇಲೆ ಅವಳು ಬಾಡಿಗೆಗೆ ಕೊಡ್ತಾ ಇಲ್ಲ. ಹೋಗಿ ನೋಡು. ಮುಂಬಾಗಿಲು ತಟ್ಟಬೇಡ, ತೆಗೆಯೋದಿಲ್ಲ. ಮುಂಬಾಗಿಲಿಗೆ ಪೊಲೀಸಿನವರು ಮಾತ್ರ ಬರೋದು" ಎಂದಳು.

ಹಿಂಬಾಗಿಲಿಗೆ ಹೋದೆ. ಎನಿಡ್ ಎಂಬತ್ತರ ಆಸುಪಾಸಿನ, ಬೇಲಿಗೂಟದಂಥ ಹೆಂಗಸು. ಕೂರು ಅನ್ನುವ ಮೊದಲೇ ಕೇಳತೊಡಗಿದಳು.

"ನಾಯಿ ಇದೆಯಾ?"

"ಇಲ್ಲ."

"ಗಂಡ?"

"ಇದ್ದ."

"ಸತ್ತನಾ?"

"ಇಲ್ಲ. ಕೇರ್ನ್ಸ್‌ನಲ್ಲಿದಾನೆ."

"ಹೆಚ್ಚುಕಮ್ಮಿ ಒಂದೇ ಬಿಡು." ಕಪ್ಪಿಗೆ ಟೀ ಬಗ್ಗಿಸಿದಳು. "ಹಿಂದಿನ ಹುಡುಗಿ ಯಾಕೆ ಓಡಿಹೋದ್ಲು ಅಂತ ನನಗಿನ್ನೂ ಗೊತ್ತಿಲ್ಲ. ಕಪ್ ತೊಳೆದಿಟ್ಟು ಹೋಗಿದ್ಲು, ಅಷ್ಟು ಮರ್ಯಾದೆ ಇತ್ತು. ನೀನು ಈ ವಾರ ಇದ್ದು ನೋಡು. ನಾನು ನಿನಗೆ ಆಗ್ತೀನಾ, ನೀನು ನನಗೆ ಆಗ್ತೀಯಾ ಅಂತ ಶನಿವಾರ ಹೇಳ್ತೀನಿ."

"ಶನಿವಾರ ನಾನೂ ಹೇಳಬಹುದಾ?"

"ಹೇಳು. ಕೇಳ್ತೀನಿ ಅಂತ ಮಾತು ಕೊಡೋಲ್ಲ."

ಮನೆ ನನಗೆ ನೋಡಿದ ಕೂಡಲೇ ಹಿಡಿಸಿತು. ಒಂದು ಕೋಣೆ, ಒಂದು ಒಲೆ, ದಪ್ಪ ಗೋಡೆ, ರಸ್ತೆಯಿಂದ ದೂರ. ಸ್ನಾನಕ್ಕೆಂದು ತಣ್ಣೀರಿನ ನಲ್ಲಿ ತಿರುಗಿಸಿ ಕಿರುಚಿದೆ. ಕೈ ಸುಟ್ಟಿತ್ತು. ಎನಿಡ್ ಹೊರಗಿನಿಂದಲೇ ಕೂಗಿದಳು: "ಈ ಊರಲ್ಲಿ ಭೂಮಿಯಿಂದ ನೀರು ಬರೋದೇ ಬಿಸಿಯಾಗಿ ಕಣೇ! ಬೇಸಿಗೇಲಿ ಹೀಟರ್ ಆರಿಸಿರ್ತೀವಿ, ಅದರ ಟ್ಯಾಂಕಲ್ಲಿ ನಿಂತು ನೀರು ಆರುತ್ತೆ. ತಣ್ಣೀರು ಬೇಕಾದ್ರೆ ಬಿಸಿನೀರಿನ ನಲ್ಲಿ ಬಿಡು!" ಮೂವತ್ತು ವರ್ಷ ಊರೂರು ತಿರುಗಿದ ನನಗೂ ಇದು ಹೊಸದು. ಕೈಗೆ ನೋವಾದರೂ ಖುಷಿಯೇ ಆಯಿತು. ಇಲ್ಲಿ ಕಲಿಯುವುದು ಇನ್ನೂ ಏನೇನಿದೆಯೋ ಅನ್ನಿಸಿತು.

ಕಿಟಕಿಗಳಿಗೆ ಫಾಯಿಲ್ ಅಂಟಿಸಿದೆ. ಕೋಣೆ ಗವಿಯಂತೆ ಕತ್ತಲಾಯಿತು. ಮರುದಿನ ಬೆಳಿಗ್ಗೆ ಪಾಳಿಯಿಂದ ಬಂದವಳು ಹಾಸಿಗೆಗೆ ಬಿದ್ದದ್ದೇ ಗೊತ್ತು.

ನಿದ್ದೆ ಹತ್ತಿತ್ತೋ ಇಲ್ಲವೋ, ಹೊರಗೆ ಜಲ್ಲಿಯ ಮೇಲೆ ಬೂಟಿನ ಸದ್ದು. ಯಾರೋ ಮನೆಯನ್ನು ಒಂದು ಸುತ್ತು ಹಾಕಿದರು. ಕಿಟಕಿಯ ಕೆಳಗೆ ನಿಂತು ಕೆಮ್ಮಿದರು. ಹೊರಗಿನ ನಲ್ಲಿಯನ್ನು ಪೂರ್ತಿ ಬಿಟ್ಟರು. ಗೋಡೆಯೊಳಗಿನ ಪೈಪು ಗಡಗಡ ನಡುಗಿತು. ನಾನು ಮಗ್ಗುಲಾಗಿ ಮಂಚ ಕಿರುಗುಟ್ಟಿದ್ದೇ ತಡ, ನಲ್ಲಿ ನಿಂತಿತು, ಗೇಟು ಹಾಕಿದ ಸದ್ದಾಯಿತು. ಮತ್ತೆ ನಿದ್ದೆ ಬರಲಿಲ್ಲ.

ಮರುದಿನವೂ ಅದೇ. ಬೂಟು, ಕೆಮ್ಮು, ನಲ್ಲಿ.

"ಯಾರದು?" ಎಂದು ಕೂಗಿದೆ.

"ಯಾರೂ ಇಲ್ಲ. ನೀನು ಮಲಕ್ಕೊ" ಎಂದಿತು ಗಂಡಸಿನ ದನಿ.

ಎದ್ದು ಬಾಗಿಲು ತೆಗೆಯುವಷ್ಟರಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಒಂದು ಕುಂಬಳಕಾಯಿ ಕೂತಿತ್ತು.

ಕಳ್ಳ ಕುಂಬಳಕಾಯಿ ತಂದಿಡುವುದಿಲ್ಲ. ಪುಂಡನಾದರೆ ಮಲಕ್ಕೊ ಅನ್ನುವುದಿಲ್ಲ. ಸಿಟ್ಟು ಬಂದಿತ್ತು ನಿಜ, ಆದರೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತು. ಮಧ್ಯಾಹ್ನ ಎನಿಡ್ ಹಿತ್ತಲಿಗೆ ಬಂದಳು. "ನಿನ್ನ ಆ ಫಾಯಿಲ್ ಸ್ವಲ್ಪ ಕೊಡು, ಕುರಿಮಾಂಸ ಸುತ್ತಿ ಬೇಯಿಸಬೇಕು" ಎಂದು ಸುರುಳಿಯನ್ನೇ ಎತ್ತಿಕೊಂಡಳು. ಬೆಳಗಿನ ವಿಷಯ ಕೇಳಿದೆ.

"ಕ್ಲಾರಿ ಇರ್ತಾನೆ. ಪಕ್ಕದ ಮನೆಯವನು."

"ಯಾಕೆ ಬರ್ತಾನೆ?"

ಎನಿಡ್ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಬರದೆ ಏನ್ಮಾಡ್ತಾನೆ ಪಾಪ?" ಎಂದು ಹೇಳಿ ಹೊರಟುಹೋದಳು.

ಆ ರಾತ್ರಿ ವಾರ್ಡಿನಲ್ಲಿ ನನ್ನ ಕಣ್ಣು ಮತ್ತೆ ಎಳೆಯತೊಡಗಿತು. ಬರೆದದ್ದನ್ನು ಬೆರಳಿಟ್ಟು ಓದಿದೆ. ಇದು ಹೀಗೇ ನಡೆದರೆ ಶನಿವಾರದ ತನಕ ಕಾಯುವ ಅಗತ್ಯವೇ ಇರಲಿಲ್ಲ. ಇಷ್ಟು ಒಳ್ಳೆಯ ಮನೆ ಮತ್ತೆ ಈ ಊರಲ್ಲಿ ಸಿಗುವುದೂ ಇರಲಿಲ್ಲ. ಬೆಳಿಗ್ಗೆ ಬಂದು ಮಲಗಲಿಲ್ಲ. ಟೀ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತೆ.

ಕ್ಲಾರಿ ಬಂದ. ಬಿಲ್ಲಿನಂತೆ ಬಾಗಿದ ಬೆನ್ನು. ಜೀವಮಾನವೆಲ್ಲ ಕುರಿಯ ಉಣ್ಣೆ ಕತ್ತರಿಸಿದವನೆಂದು ನೋಡಿದರೇ ಗೊತ್ತಾಗುತ್ತಿತ್ತು. ಗೇಟಿನಲ್ಲೇ ನನ್ನನ್ನು ಕಂಡು ಅವನ ಮುಖ ಅರಳಿತು.

"ಓ, ಎದ್ದಿದೀಯಾ. ಸರಿ ಹಂಗಾದ್ರೆ" ಎಂದು ತಿರುಗಿದ.

"ಏನು ಸರಿ? ಬನ್ನಿ ಇಲ್ಲಿ. ದಿನಾ ನನ್ನ ಕಿಟಕಿ ಕೆಳಗೆ ಬಂದು ಯಾಕೆ ಕೆಮ್ಮೋದು?"

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನೀನು ಪರದೆ ಏರಿಸೋಲ್ವಲ್ಲಮ್ಮ."

"ಯಾವ ಪರದೆ?"

ಅವನು ಬೀದಿಯ ಕಡೆ ಕೈ ತೋರಿಸಿದ. ಸಾಲಾಗಿದ್ದ ಮನೆಗಳ ಕಿಟಕಿಗಳಲ್ಲೆಲ್ಲ ಸುರುಳಿ ಪರದೆಗಳು ಅರ್ಧಕ್ಕೆ ಏರಿದ್ದವು. ನಾನು ದಿನವೂ ಅದರ ಮುಂದೆಯೇ ಕಾರು ಓಡಿಸಿಕೊಂಡು ಬರುತ್ತಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ.

"ಈ ಬೀದೀಲಿ ನಾವೆಲ್ಲ ಒಂಟಿಗಳೇ. ಬೆಳಿಗ್ಗೆ ಎದ್ದ ಕೂಡ್ಲೆ ಪರದೆ ಏರಿಸ್ಬೇಕು. ಏರಿದ್ರೆ ಬದುಕಿದ್ದೀವಿ ಅಂತ. ಏರದೆ ಇದ್ರೆ ಪಕ್ಕದ ಮನೆಯವರು ಹೋಗಿ ನೋಡ್ಬೇಕು. ಆ ಮೂಲೆ ಮನೇಲಿ ಮೊದ್ಲಿದ್ದ ಡಾಟ್ ಅನ್ನೋಳು ಬಚ್ಚಲಲ್ಲಿ ಬಿದ್ದು ಸತ್ತು, ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಅವತ್ತಿಂದ ಹಿಂಗೆ. ನಿನ್ನ ಪಾಲಿಗೆ ನಾನಿದೀನಿ. ನಿನ್ನ ಕಿಟಕಿ ನೋಡಿದ್ರೆ ಆಲೂಗಡ್ಡೆ ಸುಡೋಕೆ ಫಾಯಿಲಲ್ಲಿ ಸುತ್ತಿಟ್ಟಂಗಿದೆ."

"ನಾನು ರಾತ್ರಿ ಕೆಲಸದವಳು! ಬೆಳಿಗ್ಗೆ ಕಾರಿಳಿದು ಒಳಗೆ ಹೋಗೋದನ್ನ ನೀವೇ ನೋಡ್ತೀರಿ."

"ಒಳಗೆ ಹೋಗಿದ್ದು ನೋಡಿದೀನಿ. ಹೋದ ಮೇಲೆ ಏನಾಯ್ತು ಅಂತ ಹೆಂಗೆ ಗೊತ್ತಾಗ್ಬೇಕು? ಡಾಟ್ ಒಳಗೆ ಹೋಗಿದ್ದನ್ನೂ ನೋಡಿದ್ವಿ."

"ಸರಿ, ನಲ್ಲಿ ಯಾಕೆ?"

"ಬಾಗಿಲು ತಟ್ಟಿ ಎಬ್ಬಿಸೋದು ಮರ್ಯಾದೆ ಅಲ್ಲ. ನಲ್ಲಿ ಬಿಟ್ರೆ ಪೈಪು ಗಡಗಡ ಅನ್ನುತ್ತೆ. ಒಳಗಿಂದ ಬೈದ್ರೆ ಬದುಕಿದೀಯ ಅಂತ ನಾನು ಮನೆಗೆ ಹೋಗ್ತೀನಿ. ನೀನು ಬೈಯೋದೇ ಇಲ್ಲ. ಆ ಹಿಂದಿನ ಹುಡುಗಿ ಏನು ಚೆನ್ನಾಗಿ ಬೈತಿದ್ಲು ಗೊತ್ತಾ! ಅದೇ ಖುಷಿಗೆ ಅವಳಿಗೂ ಕುಂಬಳಕಾಯಿ ಕೊಡ್ತಿದ್ದೆ."

ಆ ಹುಡುಗಿ ಯಾಕೆ ಓಡಿಹೋದಳೆಂದು ನನಗೀಗ ತಿಳಿಯಿತು. ಇವರಿಗೆ ತಿಳಿದಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದೆ, ಬೈಗುಳ ಬರಲಿಲ್ಲ. ನಾನಾದರೂ ರಾತ್ರಿಯೆಲ್ಲ ಮಾಡುವುದೇನು? ಗಾಢ ನಿದ್ದೆಯಲ್ಲಿರುವವರ ಮುಖಕ್ಕೆ ಟಾರ್ಚ್ ಹಿಡಿದು ಉಸಿರಾಟ ನೋಡುತ್ತೇನೆ. ಅವರು ಶಾಪ ಹಾಕಿದರೆ ಸಮಾಧಾನದಿಂದ ಮುಂದಿನ ಮಂಚಕ್ಕೆ ಹೋಗುತ್ತೇನೆ.

ಕ್ಲಾರಿಯನ್ನು ಕರೆದುಕೊಂಡು ಎನಿಡ್‌ಳ ಹಿಂಬಾಗಿಲಿಗೆ ಹೋದೆ. ಮೂವರೂ ಅಡುಗೆಮನೆಯ ಮೇಜಿಗೆ ಕೂತೆವು.

"ಫಾಯಿಲ್ ನಾನು ತೆಗೆಯೋಲ್ಲ. ನೀವು ನೋಡೋದನ್ನ ಬಿಡೋಲ್ಲ" ಎಂದೆ. "ಆದ್ರಿಂದ ಪರದೆ ಬದಲು ಬೇರೆ ಏನಾದ್ರೂ ಮಾಡೋಣ. ಪಾಳಿಯಿಂದ ಬಂದು ಮಲಗೋ ಮೊದ್ಲು ಬಟ್ಟೆ ಒಣಗಿಸೋ ತಂತಿಗೆ ಒಂದು ಬಟ್ಟೆ ಸಿಕ್ಕಿಸ್ತೀನಿ. ಅದು ಇದ್ರೆ ಎಲ್ಲ ಸರಿ ಇದೆ ಅಂತ. ಎದ್ದ ಮೇಲೆ ತೆಗೀತೀನಿ."

"ಸಿಕ್ಕಿಸಿದ ಮೇಲೆ ಬಿದ್ರೆ?" ಎಂದ ಕ್ಲಾರಿ.

"ಮಧ್ಯಾಹ್ನದ ಟೀ ಹೊತ್ತಾದ್ರೂ ಬಟ್ಟೆ ತಂತಿ ಮೇಲೇ ಇದ್ರೆ ಬನ್ನಿ. ಬಾಗಿಲು ಒಡೀರಿ ಬೇಕಾದ್ರೆ."

"ಬಾಗಿಲು ನಂದು" ಎಂದಳು ಎನಿಡ್. "ಬಟ್ಟೆ ಯಾವ್ದು? ನಿನ್ನ ಚಡ್ಡಿ ಗಿಡ್ಡಿ ಬೇಡ. ಇವನು ದಿನಾ ನೋಡ್ತಾ ಕೂತ್ಕೋತಾನೆ."

"ಎಲ್ಲಾ ನೋಡಿ ಆಗಿದೆ ನಂಗೆ" ಎಂದ ಕ್ಲಾರಿ.

"ಎಲ್ಲಿ ನೋಡಿದ್ಯಪ್ಪ, ಕುರಿ ಬಿಟ್ಟು?"

ಎನಿಡ್ ಡ್ರಾಯರ್ ತೆಗೆದು, ಪಾತ್ರೆ ಒರೆಸುವ ಒಂದು ಬಟ್ಟೆ ಕೊಟ್ಟಳು. ಅದರ ಮೇಲೆ ಟಾಸ್ಮೇನಿಯಾದ ನಕ್ಷೆ ಅಚ್ಚಾಗಿತ್ತು. ಯಾರೋ ಪ್ರವಾಸದಿಂದ ತಂದುಕೊಟ್ಟದ್ದು, ಎಂದೂ ಬಳಸಿರಲಿಲ್ಲ.

ಬಟ್ಟೆಯ ವಿಷಯವನ್ನು ಕ್ಲಾರಿ ಬೀದಿಗೆಲ್ಲ ಹೇಳಿದ. ಅಂದಿನಿಂದ ತಂತಿಯ ಮೇಲೆ ಟಾಸ್ಮೇನಿಯಾ ಆಡುತ್ತಿತ್ತು, ಒಳಗೆ ನಾನು ಕಲ್ಲಿನಂತೆ ಮಲಗುತ್ತಿದ್ದೆ. ಪೈಪು ನಡುಗಲಿಲ್ಲ. ಕುಂಬಳಕಾಯಿ ಮಾತ್ರ ಬರುತ್ತಲೇ ಇತ್ತು. ಔಷಧದ ಹೆಸರು ಒಂದೇ ಓದಿಗೆ ತಲೆಗೆ ಹೋಗುತ್ತಿತ್ತು. ಆದರೆ ಎನಿಡ್ ಏನೂ ಹೇಳಿರಲಿಲ್ಲ. ಅವಳ ಬಾಯಿಂದ ಶನಿವಾರಕ್ಕಿಂತ ಮೊದಲು ಏನನ್ನೂ ಹೊರಡಿಸುವಂತಿರಲಿಲ್ಲ.

ಶನಿವಾರ ಬೆಳಿಗ್ಗೆ ಕಾರು ತಿರುಗಿಸುವಾಗ ಬೀದಿಯ ಪರದೆಗಳನ್ನು ನೋಡುತ್ತಾ ಬಂದೆ. ಅದು ಅಷ್ಟರಲ್ಲೇ ಅಭ್ಯಾಸವಾಗಿತ್ತು. ಮೂಲೆ ಮನೆಯದು ಏರಿತ್ತು, ಅದರಾಚೆಯದೂ ಏರಿತ್ತು. ಎನಿಡ್‌ಳದು ಏರಿರಲಿಲ್ಲ.

ಕ್ಲಾರಿ ಕಣ್ಣಿನ ಡಾಕ್ಟರನ್ನು ನೋಡಲು ಹಿಂದಿನ ದಿನವೇ ಬೇರೆ ಊರಿಗೆ ಹೋಗಿದ್ದ. ಪಕ್ಕದ ಮನೆಯವಳೆಂದರೆ ಇನ್ನು ನಾನೇ.

ಕಿಟಕಿಯ ಕೆಳಗೆ ಹೋಗಿ ನಿಂತೆ. ಬಾಗಿಲು ತಟ್ಟಬೇಕೆಂದುಕೊಂಡವಳು ಕೆಮ್ಮಿದೆ. ಉತ್ತರವಿಲ್ಲ. ಹೊರಗಿನ ನಲ್ಲಿಯನ್ನು ಪೂರ್ತಿ ಬಿಟ್ಟೆ. ಪೈಪು ಗಡಗಡ ಎಂದಿತು. ಯಾರೂ ಬೈಯಲಿಲ್ಲ. ಹಿಂಬಾಗಿಲು ತಳ್ಳಿ ಒಳಗೆ ಓಡಿದೆ. ಬಚ್ಚಲು ಖಾಲಿ. ಅಡುಗೆಮನೆ ಖಾಲಿ. ಮಲಗುವ ಕೋಣೆಯ ಬಾಗಿಲು ತೆಗೆದರೆ ಒಳಗೆ ಕಗ್ಗತ್ತಲು. ಗೋಡೆ ತಡವಿ ದೀಪ ಹಾಕಿದೆ.

"ಯಾವಳೇ ಅದು!" ಎಂದು ಎನಿಡ್ ಹಾಸಿಗೆಯಲ್ಲಿ ಎದ್ದು ಕೂತಳು. ಕೂದಲೆಲ್ಲ ಒಂದೇ ಕಡೆ ನಿಂತಿತ್ತು. ಕಿಟಕಿಯ ತುಂಬ, ಸುಕ್ಕುಸುಕ್ಕಾಗಿ, ಗಾಯದ ಪಟ್ಟಿಯಿಂದ ಅಂಟಿಸಿದ ನನ್ನ ಫಾಯಿಲ್.

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. "ಕುರಿಮಾಂಸ ಸುತ್ತೋಕೆ ಅಂದ್ರಿ!"

"ಮಾಂಸ ನಿನ್ನೆನೇ ತಿಂದಾಯ್ತು. ಮಿಕ್ಕಿತ್ತಲ್ಲ." ಅವಳು ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡಳು. "ಒಳಗೆ ಏನು ಸುಖ ಇದೆ ಅಂತ ನೋಡ್ಬೇಕಿತ್ತು. ಡಾಟ್ ಹೋದ ಮೇಲೆ ಒಂದು ದಿನಾನೂ ಹೊತ್ತೇರೋ ತನಕ ಮಲಗಿಲ್ಲ ಕಣೇ. ಪರದೆ, ಪರದೆ, ಪರದೆ. ಇವತ್ತು ಎಂಥಾ ನಿದ್ದೆ ಬಂದಿತ್ತು! ನೀನು ಬಂದು ಹಾಳು ಮಾಡಿದೆ. ಆ ನಲ್ಲಿ ಬಿಟ್ಟವಳೂ ನೀನೇನಾ?"

"ನಾನೇ."

"ನಿದ್ದೆಗಣ್ಣಲ್ಲಿ ಕ್ಲಾರಿ ಬಂದಿದಾನೆ ಅಂದ್ಕೊಂಡು ತಲೆ ಮೇಲೆ ದಿಂಬು ಎಳ್ಕೊಂಡೆ." ನನ್ನ ಮುಖವನ್ನು ನೋಡಿ ಅವಳ ದನಿ ಸ್ವಲ್ಪ ಇಳಿಯಿತು. "ಹೆದರಿದ್ಯಾ?"

"ಹೆದರದೆ ಏನ್ಮಾಡ್ಲಿ?"

ಎನಿಡ್ ಮತ್ತೆ ದಿಂಬಿಗೆ ಒರಗಿದಳು. "ಇವತ್ತು ಶನಿವಾರ ಅಲ್ವಾ?"

"ಹೌದು."

"ಇದ್ಕೋ. ಕೆಲಸ ಮುಗಿಯೋ ತನಕ ಇದ್ಕೋ. ಈಗ ದೀಪ ಆರಿಸು."

ಆರಿಸಿದೆ. ಕತ್ತಲಿನಿಂದ ಅವಳ ದನಿ ಮತ್ತೆ ಬಂತು. "ತಂತಿಗೆ ನನ್ನದೂ ಒಂದು ಹಾಕಿಬಿಡು. ಪರದೆ ಏರಿಲ್ಲ ಅಂತ ಮೂಲೆಯವರು ನೋಡಿದ್ರೆ ಊರನ್ನೇ ಸೇರಿಸ್ತಾರೆ."

ಡ್ರಾಯರಿನಲ್ಲಿ ಹುಡುಕಿದಾಗ ಮಿಂಚುಳ್ಳಿ ಚಿತ್ರದ ಒಂದು ಬಟ್ಟೆ ಸಿಕ್ಕಿತು. ಅದನ್ನು ಟಾಸ್ಮೇನಿಯಾದ ಪಕ್ಕದಲ್ಲಿ ಸಿಕ್ಕಿಸಿ, ನನ್ನ ಮನೆಗೆ ಹೋಗಿ ಮಲಗಿದೆ.